ಮೆಷಿನ್ ಬರೋವರೆಗೂ ಮಗು ಸುಮ್ಮನಿರಬೇಕಾ?

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 2 ವರ್ಷ ದಾಟಿತ್ತು. ಸಕಲೇಶಪುರ ಕಡೆಯ ಕಾಫಿ ತೋಟದ ಲೈನ್ ಮನೆಯಿಂದ ತಾಯಿ, ಅಜ್ಜಿ ಇಬ್ಬರೂ ಅವನನ್ನು ಹಾಸನಕ್ಕೆ ಕರೆತಂದಿದ್ದರು. "ಇವರಪ್ಪಂಗೂ ಮಾತು ತಡವಾಗೇ ಬಂದಿದ್ದು" ಎಂದು ಅಜ್ಜಿ ಅಷ್ಟು ದಿನ ಕಾದಿದ್ದರು. ಕೊನೆಗೆ ಶಬ್ದಕ್ಕೆ ಕಿವಿಯ ನರ, ಮೆದುಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವ ಬೆರಾ ಪರೀಕ್ಷೆಯಲ್ಲಿ ಎರಡೂ ಕಿವಿ ತೀವ್ರ ಕಿವುಡು ಎಂದು ಗೊತ್ತಾಯಿತು. ಹಿಯರಿಂಗ್ ಏಡ್‌ಗೆ ಅಳತೆ ಕೊಟ್ಟಾಗಿತ್ತು, ಆಪರೇಷನ್ ಮಾಡಿ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಸಾಧನದ ಮಾತೂ ನಡೆದಿತ್ತು.

ತಾಯಿಯ ಸಂಕಟವೇ ಬೇರೆ. ಮಗ ಕಚ್ಚುತ್ತಾನೆ, ತಲೆ ಚಚ್ಚಿಕೊಳ್ಳುತ್ತಾನೆ. "ಏನು ಬೇಕು ಅಂತಾನೇ ಗೊತ್ತಾಗಲ್ಲ ಮೇಡಂ. ಸನ್ನೆ ಮಾಡಿದ್ರೆ ಮಾತೇ ಬರಲ್ಲ ಅಂದಿದ್ದಾರೆ. ಅವನು ಕೈ ಎತ್ತಿದ್ರೆ ಹಿಡ್ಕೊಂಡ್ಬಿಡ್ತೀನಿ."

ಈ ಮಾತು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಸನ್ನೆ ಭಾಷೆ ಮಾತನ್ನು ತಡೆಯುವುದಿಲ್ಲ. ಭಾಷೆ ಕಿವಿಯಿಂದಲೂ ಒಳಗೆ ಹೋಗುತ್ತದೆ, ಕಣ್ಣಿನಿಂದಲೂ. ಮೊದಲ ಕೆಲವು ವರ್ಷ ಯಾವುದೊಂದೂ ಪೂರ್ತಿ ಸಿಗದೆ ಹೋದರೆ ಆಮೇಲೆ ಅದನ್ನು ತುಂಬಿಕೊಡುವುದು ಬಲು ಕಷ್ಟ. ಅದಕ್ಕೇ ಹುಟ್ಟಿದ 1 ತಿಂಗಳೊಳಗೆ ಕಿವಿಯ ತಪಾಸಣೆ, 3 ತಿಂಗಳೊಳಗೆ ಖಚಿತಪಡಿಸುವುದು, 6 ತಿಂಗಳೊಳಗೆ ನೆರವು ಎನ್ನುವುದು. ಇವನಿಗೆ ಆ ಕಾಲ ಮೀರಿತ್ತು. ಅಜ್ಜಿಯನ್ನು ದೂರುವುದು ಬೇಡ, ಇನ್ನು ಕಾಯುವುದೂ ಬೇಡ ಎಂದೆ.

"ಮೊದಲು ಅವನ ಕೈ ಹಿಡಿಯೋದು ನಿಲ್ಲಿಸಮ್ಮ. ಭುಜ ಮುಟ್ಟಿ ಕರಿ. ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡ, ನಿನ್ನ ಮುಖದ ಮೇಲೆ ಬೆಳಕು ಬೀಳಲಿ. ನಾಯಿ ನೋಡ್ತಿದ್ರೆ ನೋಡಲಿ ಬಿಡು, ನಿನ್ನ ಕಡೆ ತಿರುಗಿದಾಗ ನಾಯಿಯ ಸನ್ನೆ ತೋರಿಸು." ಕೇಳುವ ಮಗು ನಾಯಿಯನ್ನು ನೋಡುತ್ತಲೇ ಅದರ ಹೆಸರು ಕೇಳಿಸಿಕೊಳ್ಳುತ್ತದೆ. ಇವನಿಗೆ ಎರಡಕ್ಕೂ ಕಣ್ಣೇ ಬೇಕು.

ಅನ್ನ, ನೀರು ಅಷ್ಟಕ್ಕೇ ನಿಲ್ಲಬಾರದು. ಅಪ್ಪ ಎಲ್ಲಿ ಹೋದ, ಅಜ್ಜಿ ಯಾಕೆ ಸಿಟ್ಟಾದಳು, ಎಲ್ಲ ಹೇಳಬೇಕು. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆಯ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳಿವೆ. ವಿಡಿಯೊಗಳನ್ನು ಫೋನಿನಲ್ಲೇ ಪುಕ್ಕಟೆ ನೋಡಬಹುದು. ಆದರೂ ವಿಡಿಯೊ ನೋಡಿ ಕಲಿಯುವುದಕ್ಕೂ ಕಿವುಡರ ಜೊತೆ ಕೂತು ಕಲಿಯುವುದಕ್ಕೂ ಬಹಳ ವ್ಯತ್ಯಾಸ. ದುಡಿದು ಸಂಸಾರ ನಡೆಸುತ್ತಿರುವ ಕಿವುಡ ದಂಪತಿಯನ್ನು ಪರಿಚಯ ಮಾಡಿಸಿದೆ. ಅವರು ಸರಸರನೆ ಸನ್ನೆಯಲ್ಲಿ ಜಗಳವಾಡಿ ನಕ್ಕಾಗ ಅಜ್ಜಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಹಿಯರಿಂಗ್ ಏಡ್ ಬಂದ ಮೇಲೆ, ಎಚ್ಚರವಿರುವಷ್ಟು ಹೊತ್ತೂ ಹಾಕಿರಬೇಕು. ಕಿವಿ ಬೆಳೆದಂತೆ ಕಿವಿಯೊಳಗೆ ಕೂರುವ ಅಚ್ಚು ಬದಲಿಸಬೇಕು, ಇಲ್ಲದಿದ್ದರೆ ಕುಂಯ್ ಎನ್ನುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವದಿಂದಲೇ ಕೆಡುವುದು ಹೆಚ್ಚು. ರಾತ್ರಿ ಸಿಲಿಕಾ ಜೆಲ್ ಪೊಟ್ಟಣವಿರುವ ಬಿಗಿ ಡಬ್ಬಿಯಲ್ಲಿಡಲು ಹೇಳಿದೆ.

ಈಗ ಕಚ್ಚುವುದು ಕಡಿಮೆಯಾಗಿದೆ. ಬೇಕು, ಬೇಡ, ಇನ್ನೂ ಎನ್ನುತ್ತಾನೆ. ಅಜ್ಜಿಗೇ ಹೆಚ್ಚು ಸನ್ನೆ ಬರುತ್ತದೆ. ಅಪ್ಪನಿಗೆ ಮಾತ್ರ ಜನ ನೋಡುತ್ತಾರೆಂಬ ಸಂಕೋಚ, ಆಪರೇಷನ್ ಆದರೆ ಇದೆಲ್ಲ ಯಾಕೆ ಎನ್ನುತ್ತಾನಂತೆ. ಇಂಪ್ಲಾಂಟ್ ಆದ ಮೇಲೂ ವರ್ಷಗಟ್ಟಲೆ ತರಬೇತಿ ಬೇಕು, ಸ್ನಾನಕ್ಕೆ ಮೆಷಿನ್ ಬಿಚ್ಚಿದಾಗ ಹುಡುಗ ಕಿವುಡನೇ. ಇದನ್ನು ಅಪ್ಪನಿಗೆ ನಾನೇ ಹೇಳಬೇಕು. ಮುಂದಿನ ಸಲ ಜೊತೆಗೆ ಬರಲಿ ಎಂದು ಹೇಳಿ ಕಳಿಸಿದ್ದೇನೆ.