ಶ್ರೂಸ್‌ಬರಿಯಲ್ಲಿ ಒಂದು ತಿಂಗಳು ಬೇಜಾರಾಗುತ್ತಾ?

ಪ್ರಶ್ನೆ: ಮಗಳಿಗೆ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಮೇ ತಿಂಗಳಲ್ಲಿ ನಾವಿಬ್ಬರೂ ಹೋಗಿ ಒಂದು ತಿಂಗಳು ಇರಬೇಕೆಂದಿದ್ದೇವೆ. ಲಂಡನ್ ಬಿಟ್ಟು ಬೇರೆ ಊರು ನಮಗೆ ಗೊತ್ತಿಲ್ಲ. ಅದು ಹಳ್ಳಿಯಾ? ಹೊತ್ತು ಹೋಗುತ್ತಾ?
– ಒಬ್ಬ ತಾಯಿ, ಹಾಸನ

ಉತ್ತರ: ಹಳ್ಳಿ ಅಲ್ಲಮ್ಮ. 2021ರ ಜನಗಣತಿಯಲ್ಲಿ ಸುಮಾರು 76 ಸಾವಿರ ಜನ. ಶ್ರಾಪ್‌ಶೈರ್‌ಗೆ ಅದೇ ಜಿಲ್ಲಾ ಕೇಂದ್ರ ಅನ್ನಿ. ಸೆವರ್ನ್ ನದಿ ಹಳೇ ಊರನ್ನು ಲಾಳದ ಹಾಗೆ ಸುತ್ತಿಕೊಂಡಿದೆ. ಒಂದು ಕಡೆ ಇಂಗ್ಲಿಷ್ ಬ್ರಿಡ್ಜ್, ಇನ್ನೊಂದು ಕಡೆ ವೆಲ್ಷ್ ಬ್ರಿಡ್ಜ್. ಇವೆರಡರ ನಡುವಿನ ಊರನ್ನೆಲ್ಲ ನಡೆದೇ ನೋಡಬಹುದು. ಏರು ಇದೆ, ಒಳ್ಳೆಯ ಶೂ ಇರಲಿ. ಚಳಿಗಾಲದಲ್ಲಿ ನದಿ ಉಕ್ಕುತ್ತದೆ. ಬಾಡಿಗೆ ಮನೆ ಹಿಡಿಯುವ ಮೊದಲು ಅಲ್ಲಿಗೆ ನೀರು ಬರುತ್ತಾ ಅಂತ ಮಗಳು ಕೇಳಿಕೊಳ್ಳಲಿ.

ವೇಲ್ಸ್ ಗಡಿ ಹತ್ತಿರವಿದ್ದದ್ದೇ ಈ ಊರಿನ ಅದೃಷ್ಟ. ವೇಲ್ಸ್‌ನ ಬೆಟ್ಟಗಳಲ್ಲಿ ನೇಯ್ದ ಉಣ್ಣೆ ಬಟ್ಟೆಯನ್ನು ಇಲ್ಲಿನ ವರ್ತಕರು ಕೊಂಡು ಲಂಡನ್‌ಗೆ ಕಳಿಸುತ್ತಿದ್ದರು. ಆ ದುಡ್ಡಿನಲ್ಲಿ ಎದ್ದ ಕಪ್ಪು ಮರದ ಚೌಕಟ್ಟಿನ ಬಿಳಿ ಮನೆಗಳು ಇವತ್ತಿಗೂ ಇವೆ. ಚೌಕದಲ್ಲಿ 1596ರ ಹಳೇ ಮಾರುಕಟ್ಟೆ ಕಟ್ಟಡವಿದೆ, ಈಗ ಅದರ ಮಹಡಿಯಲ್ಲಿ ಸಿನಿಮಾ ತೋರಿಸುತ್ತಾರೆ!

ಅದರ ಎದುರಿಗೇ ಒಂದು ಪ್ರತಿಮೆ. ಯಾರದ್ದು ಗೊತ್ತಾ? ಪ್ಲಾಸಿಯ ರಾಬರ್ಟ್ ಕ್ಲೈವ್‌ನದ್ದು. ಅವನು ಈ ಊರಿನ ಮೇಯರ್ ಆಗಿದ್ದ, ಸಂಸದನೂ ಆಗಿದ್ದ. 2020ರಲ್ಲಿ ಪ್ರತಿಮೆ ತೆಗೆಯಿರಿ ಅಂತ ಸಾವಿರಾರು ಜನ ಸಹಿ ಹಾಕಿದರು, ಕೌನ್ಸಿಲ್ ಒಪ್ಪಲಿಲ್ಲ. ನನಗಂತೂ ಅದರ ಮುಂದೆ ಫೋಟೊ ತೆಗೆಸಿಕೊಳ್ಳಲು ಮನಸ್ಸು ಬರಲಿಲ್ಲ. ಅದರ ಬದಲು ಲೈಬ್ರರಿ ಮುಂದೆ ಕೂತಿರುವ ಚಾರ್ಲ್ಸ್ ಡಾರ್ವಿನ್ ಪ್ರತಿಮೆಯ ಹತ್ತಿರ ತೆಗೆಸಿಕೊಳ್ಳಿ. ಅವನು ಹುಟ್ಟಿದ್ದು ಇದೇ ಊರಲ್ಲಿ, 1809ರಲ್ಲಿ. ಆ ಲೈಬ್ರರಿ ಕಟ್ಟಡವೇ ಅವನು ಓದಿದ ಶಾಲೆ.

ನಿಮ್ಮ ಯಜಮಾನರಿಗೆ ಯಂತ್ರ, ಕಟ್ಟಡ ಅಂದರೆ ಆಸಕ್ತಿಯಿದ್ದರೆ ಇದೇ ಊರಿನ ಡಿದರಿಂಗ್ಟನ್ ಬಡಾವಣೆಯ ಫ್ಲಾಕ್ಸ್‌ಮಿಲ್‌ಗೆ ಕಳಿಸಿ. 1797ರ ನಾರುಗಿರಣಿ ಅದು. ಮರದ ತೊಲೆಗೆ ಬೆಂಕಿ ಬೀಳುತ್ತದೆಂದು ಕಂಬ, ತೊಲೆ ಎರಡನ್ನೂ ಕಬ್ಬಿಣದಲ್ಲಿ ಎರಕ ಹೊಯ್ದರು. ಜಗತ್ತಿನಲ್ಲಿ ಹಾಗೆ ಕಟ್ಟಿದ್ದು ಅದೇ ಮೊದಲು. ಇವತ್ತಿನ ಗಗನಚುಂಬಿಗಳಿಗೆಲ್ಲ ಅಜ್ಜ.

ತರಕಾರಿ, ಹಣ್ಣಿಗೆ ಎತ್ತರದ ಗಡಿಯಾರ ಗೋಪುರವಿರುವ ಮಾರ್ಕೆಟ್ ಹಾಲ್‌ಗೆ ಹೋಗಿ. ಸುಮ್ನೆ ಚೌಕಾಸಿ ಮಾಡಬೇಡಿ, ಅಲ್ಲಿ ನಡೆಯಲ್ಲ. ಅಂಗಡಿಗಳು ಸಂಜೆ ಬೇಗ ಮುಚ್ಚುತ್ತವೆ. ಆದರೆ ಮೇನಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ, ನದಿ ಪಕ್ಕದ ಕ್ವಾರಿ ಪಾರ್ಕ್‌ನಲ್ಲಿ ತಿರುಗಾಡಿ. ಕರಿಬೇವು, ನುಗ್ಗೆಕಾಯಿ ಬೇಕೆನಿಸಿದರೆ ರೈಲು ಹತ್ತಿ. ಬರ್ಮಿಂಗ್‌ಹ್ಯಾಮ್‌ಗೆ ಒಂದು ಗಂಟೆ, ಅಲ್ಲಿನ ಸೋಹೋ ರೋಡ್‌ನಲ್ಲಿ ನಮ್ಮ ದೇಶದ ಅಂಗಡಿಗಳು ಸಾಲುಸಾಲಾಗಿವೆ. ಸಾರಿನ ಪುಡಿ ಮಾತ್ರ ಊರಿಂದಲೇ ಒಯ್ಯಿರಿ.