ನಾಲ್ಕನೆಯ ಪುಟದಿಂದ ಶುರು ಮಾಡಿ

ಪ್ರಿಯರೇ,

‘ಆಫ್ರಿಕಾ: ನೆಲ, ಜನ, ಸಮಾಜ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಇದರೊಳಗೆ ಒಳ್ಳೆಯ ಲೇಖನವೊಂದು ಹುದುಗಿದೆ. ಅದನ್ನು ನಿಮ್ಮಿಂದಲೇ ಬರೆಸಬೇಕೆಂಬ ಆಸೆಯಿಂದ ಇಷ್ಟು ಉದ್ದ ಬರೆಯುತ್ತಿದ್ದೇನೆ.

54 ದೇಶಗಳು, ಸುಮಾರು 3 ಕೋಟಿ ಚದರ ಕಿಲೋಮೀಟರ್ ನೆಲ. ಎಲ್ಲವನ್ನೂ ಎಂಟು ಪುಟಗಳಲ್ಲಿ ಹಿಡಿಸಲು ಹೊರಟಿದ್ದೀರಿ. ಸಹಾರಾ, ಕಾಂಗೋದ ಮಳೆಕಾಡು, ಕಿಲಿಮಂಜಾರೋ ಒಂದರ ಹಿಂದೊಂದು ಬಂದು ಹೋಗುತ್ತವೆ. ಜನರೂ ಬರುತ್ತಾರೆ, ಆದರೆ ಒಬ್ಬರಾದರೂ ಕೆಲಸ ಮಾಡುವುದಿಲ್ಲ. ಕುಣಿಯುತ್ತಾರೆ, ಬಡತನದಲ್ಲಿ ಬೇಯುತ್ತಾರೆ, ಅಷ್ಟೇ. ಅವರು ಏನು ಬಿತ್ತುತ್ತಾರೆ, ಏನು ಉಣ್ಣುತ್ತಾರೆ, ವ್ಯಾಜ್ಯವಾದರೆ ಯಾರ ಮಾತು ಕೇಳುತ್ತಾರೆ ಎಂದು ಹುಡುಕಿದೆ, ಸಿಗಲಿಲ್ಲ.

ನಾಲ್ಕನೆಯ ಪುಟದಲ್ಲಿ ಮಾಲಿ ದೇಶದ ಬಗ್ಗೆ ಹೀಗೆ ಬರೆದಿದ್ದೀರಿ: ‘ನೈಜರ್ ನದಿ ಮರುಭೂಮಿಯ ಅಂಚಿನಲ್ಲಿ ಕವಲೊಡೆದು ಹರಡುತ್ತದೆ. ಅಲ್ಲಿ ಮೀನುಗಾರರೂ ದನಗಾಹಿಗಳೂ ರೈತರೂ ಇದ್ದಾರೆ.’ ಮರುಕ್ಷಣವೇ ಈಜಿಪ್ಟಿಗೆ ಹೋಗಿಬಿಟ್ಟಿರಿ. ನೀವು ನಿಲ್ಲಬೇಕಾಗಿದ್ದ ಜಾಗವೇ ಅದು.

ಆ ನದಿ ಗಿನಿ ದೇಶದ ಬೆಟ್ಟಗಳಲ್ಲಿ, ಅಟ್ಲಾಂಟಿಕ್ ಕಡಲಿನಿಂದ ಸುಮಾರು 240 ಕಿ.ಮೀ. ದೂರದಲ್ಲಿ ಹುಟ್ಟಿ, ಹತ್ತಿರದ ಕಡಲಿಗೆ ಬೆನ್ನು ಹಾಕಿ ಸಹಾರಾದ ಕಡೆ ಹೊರಡುತ್ತದೆ. ಮಾಲಿಯ ಟಿಂಬಕ್ಟು ಪಟ್ಟಣ ದಾಟಿ ಹೊರಳಿ, ನೈಜೀರಿಯಾದಲ್ಲಿ ಕಡಲು ಸೇರುವಾಗ ಸುಮಾರು 4,180 ಕಿ.ಮೀ. ಹರಿದಿರುತ್ತದೆ. ಅರಬ್ಬೀ ಸಮುದ್ರದ ಮಗ್ಗುಲಲ್ಲಿ ಹುಟ್ಟಿಯೂ ಬಂಗಾಳ ಕೊಲ್ಲಿಗೆ ಹೋಗುವ ಕೃಷ್ಣೆಯನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ.

‘ಮಳೆಗಾಲದಲ್ಲಿ ನೆರೆ ಉಕ್ಕುತ್ತದೆ’ ಎಂದಿದ್ದೀರಿ. ಇದು ತಪ್ಪು, ಮತ್ತು ಇಡೀ ವಿಷಯದ ಕೀಲಿ ಇರುವುದೇ ಈ ತಪ್ಪಿನಲ್ಲಿ. ಗಿನಿಯ ಬೆಟ್ಟಗಳ ಮಳೆಯ ನೀರು ನಿಧಾನವಾಗಿ ಇಳಿದುಬರುತ್ತದೆ. ಮೊಪ್ತಿ ಪಟ್ಟಣದ ಬಳಿ ನೆರೆ ತುದಿ ಮುಟ್ಟುವುದು ಅಕ್ಟೋಬರ್-ನವೆಂಬರ್ ಹೊತ್ತಿಗೆ, ಅಲ್ಲಿನ ಮಳೆ ನಿಂತ ಮೇಲೆ. ಟಿಂಬಕ್ಟುವಿನ ಕಡೆ ಇನ್ನೂ ತಡ. ಅಲ್ಲಿನ ಬದುಕು ನಡೆಯುವುದು ಈ ಲೆಕ್ಕದ ಮೇಲೆ. ಬೊಜೊ ಮೀನುಗಾರರು ದೋಣಿಗಳಲ್ಲಿ ನೀರಿನ ಹಿಂದೆಯೇ ಸಾಗುತ್ತಾರೆ. ರೈತರು ಬೆಳೆಯುತ್ತಾ ಬಂದ ಭತ್ತ ಏಷ್ಯಾದಿಂದ ಬಂದದ್ದಲ್ಲ, ಆಫ್ರಿಕಾದಲ್ಲೇ ಪಳಗಿದ ಬೇರೆ ಜಾತಿ. ನೆರೆ ಏರಿದಂತೆ ಅದರ ದಂಟೂ ಉದ್ದವಾಗುತ್ತದೆ. ಮಳೆಗಾಲದಲ್ಲಿ ದನಗಳನ್ನು ದೂರದ ಒಣಸೀಮೆಯಲ್ಲಿ ಮೇಯಿಸುವ ಫುಲಾನಿಗಳು ನೀರು ಇಳಿಯುತ್ತಿದ್ದಂತೆ ಬುರ್ಗು ಎಂಬ ಹುಲ್ಲಿಗಾಗಿ ಮರಳುತ್ತಾರೆ. ಅಷ್ಟರೊಳಗೆ ಕೊಯ್ಲು ಮುಗಿದಿರಬೇಕು.

ಜಾಫರಾಬೆ ಊರಿನ ಬಳಿ ಮಂದೆಗಳು ನದಿ ದಾಟುವ ದಿನದ ಬಗ್ಗೆ ಓದಿ. ನೀರಿನ ಮಟ್ಟ ನೋಡಿ ಹಿರಿಯರು ದಿನ ಗೊತ್ತು ಮಾಡುತ್ತಾರೆ. ಕಾವಲುಗಾರ ಹುಡುಗರು ದನಗಳೊಂದಿಗೆ ತಾವೂ ಈಜಿ ಬರುತ್ತಾರೆ. ತಿಂಗಳುಗಟ್ಟಲೆ ಕಾಣದ ಮಕ್ಕಳಿಗಾಗಿ ಮನೆಯವರು ಹೊಸ ಬಟ್ಟೆ ತೊಟ್ಟು ದಡದಲ್ಲಿ ಕಾದಿರುತ್ತಾರೆ, ಚೆನ್ನಾಗಿ ಮೈತುಂಬಿದ ಮಂದೆಗೆ ಬಹುಮಾನವೂ ಉಂಟು. ನಿಮ್ಮ ಲೇಖನದ ‘ಸಮಾಜ’ ಇಲ್ಲಿದೆ.

ಆರನೆಯ ಪುಟದಲ್ಲಿ ‘ಈ ಬುಡಕಟ್ಟುಗಳ ಹಗೆತನ ರಕ್ತಗತವಾದದ್ದು’ ಎಂದು ಬರೆದಿದ್ದೀರಿ. ಓದಿ ಬೇಸರವಾಯಿತು. 1818ರಲ್ಲಿ ಫುಲಾನಿ ನಾಯಕ ಸೆಕು ಅಮದು ಇದೇ ನದೀಸೀಮೆಯಲ್ಲಿ ಕಟ್ಟಿದ ಮಸಿನಾ ರಾಜ್ಯ ಯಾವ ಮಂದೆ ಯಾವ ದಾರಿಯಲ್ಲಿ, ಯಾರ ಹಿಂದೆ ಯಾರು ಎಂಬ ಸರದಿಯನ್ನು ಕಟ್ಟುನಿಟ್ಟಾಗಿ ಗೊತ್ತುಪಡಿಸಿತ್ತು. ಹುಲ್ಲುಗಾವಲಿನ ಯಜಮಾನಿಕೆ ನೋಡಿಕೊಳ್ಳುವ ‘ಜೊವ್ರೊ’ಗಳು ಆ ವ್ಯವಸ್ಥೆಯಿಂದಲೇ ಮುಂದುವರಿದವರು. 1970 ಮತ್ತು 80ರ ದಶಕಗಳ ಬರ, ಮೇಲ್ಭಾಗದ ಅಣೆಕಟ್ಟುಗಳು, ಹುಲ್ಲುಗಾವಲನ್ನು ಒತ್ತರಿಸುತ್ತಾ ಹೋದ ಗದ್ದೆಗಳು, 2012ರಲ್ಲಿ ಉತ್ತರ ಮಾಲಿಯಲ್ಲಿ ಹೊತ್ತಿ ಮಧ್ಯಭಾಗಕ್ಕೂ ಹಬ್ಬಿದ ಸಶಸ್ತ್ರ ಸಂಘರ್ಷ ಇವೆಲ್ಲ ಸೇರಿ ಆ ಹೊಂದಾಣಿಕೆಯನ್ನು ಹರಿದಿವೆ. ಕಾರಣಗಳಿರುವ ಕಡೆ ರಕ್ತವನ್ನು ದೂರುವುದು ಆ ಜನರಿಗೆ ಮಾಡುವ ಅನ್ಯಾಯ. ಆ ವಾಕ್ಯ ಇದ್ದರೆ ನಾನು ಅಚ್ಚು ಹಾಕುವುದಿಲ್ಲ.

ಕೊನೆಯಲ್ಲಿ ಉತ್ತರ ಕನ್ನಡದ ಸಿದ್ದಿಗಳ ಕುಣಿತವನ್ನು ತಂದು ಮುಗಿಸಿದ್ದೀರಿ. ಅದನ್ನೂ ತೆಗೆಯಿರಿ. ತಲೆಮಾರುಗಳಿಂದ ಕರ್ನಾಟಕದವರೇ ಆದ ಆ ಜನ ಬೇರೆ ಲೇಖನಕ್ಕೆ ತಕ್ಕವರು, ಅಲಂಕಾರಕ್ಕಲ್ಲ. ನಮ್ಮ ನಂಟೇ ಬೇಕೆಂದರೆ ರಾಗಿ ಇದೆ: ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದ ಬಂದ ಧಾನ್ಯ. ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದ್ದು ನಮ್ಮ ಕರ್ನಾಟಕದಲ್ಲೇ. ಅದನ್ನು ಮುಂದೆಂದಾದರೂ ಬೇರೆ ಲೇಖನವಾಗಿ ಬರೆದುಕೊಡಿ.

ಸದ್ಯಕ್ಕೆ ಮಾಲಿಯನ್ನಷ್ಟೇ ಇಟ್ಟುಕೊಂಡು 1,200 ಪದಗಳಲ್ಲಿ ಮತ್ತೆ ಬರೆಯಿರಿ. ನದಿಯ ನಕ್ಷೆಯೊಂದನ್ನು ಕೈಯಲ್ಲೇ ಬರೆದು, ಯಾವ ತಿಂಗಳು ನೀರು ಎಲ್ಲಿರುತ್ತದೆ ಎಂದು ಗುರುತಿಸಿ ಜೊತೆಗಿಡಿ. ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ