ವಿಡಿಯೊ ಹಾಕಿ ಹಿಂದಿನ ಬೆಂಚಿಗೆ ಹೋಗುವ ಮೇಷ್ಟ್ರುಗಳು

ತರಗತಿಯಲ್ಲಿ ಸ್ಲೈಡ್, ವಿಡಿಯೊ ಬಳಸುವ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹಳೆಯವೇ. ಪ್ರೊಜೆಕ್ಟರಿನ ವೈರು ಎಲ್ಲಿ ಸಿಕ್ಕಿಸಬೇಕು ಎಂಬಂಥವನ್ನು ಪಕ್ಕಕ್ಕಿಟ್ಟಿದ್ದೇನೆ.

ಶಿಕ್ಷಕರಿಗೆ ಮೂರು ದಿನ ತರಬೇತಿ ಕೊಟ್ಟೆವು. ಸ್ಲೈಡ್ ಮಾಡಲು, ವಿಡಿಯೊ ಸೇರಿಸಲು ಎಲ್ಲರಿಗೂ ಬರುತ್ತದೆ. ಆದರೂ ತರಗತಿಯಲ್ಲಿ 15 ನಿಮಿಷದ ವಿಡಿಯೊ ಹಾಕಿ ಸುಮ್ಮನೆ ನಿಲ್ಲುತ್ತಾರೆ. ಮಕ್ಕಳು ಖುಷಿಯಿಂದ ನೋಡುತ್ತಾರೆ, ಆಮೇಲೆ ಕೇಳಿದರೆ ಬಾಯಿ ಬಿಡುವುದಿಲ್ಲ. ಎಲ್ಲಿ ತಪ್ಪಿದೆ?

ಏನು ಕಲಿಸಿದಿರಿ ಎಂದು ನೀವೇ ಬರೆದಿದ್ದೀರಲ್ಲ: ಮಾಡುವುದು, ಸೇರಿಸುವುದು. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಸಿಲ್ಲ. ಪುಸ್ತಕದಲ್ಲಿ ಅರ್ಥವಾಗದ ಸಾಲು ಬಂದರೆ ಓದುವವರು ತಾವಾಗಿ ನಿಲ್ಲುತ್ತಾರೆ. ವಿಡಿಯೊ ಯಾರಿಗೂ ಕಾಯುವುದಿಲ್ಲ. ಒಂದು ವಿಷಯ ತಲೆಗೆ ಇಳಿಯುವಷ್ಟರಲ್ಲಿ ಮುಂದಿನ ನಾಲ್ಕು ಬಂದು ಬೀಳುತ್ತವೆ. ದೃಶ್ಯ ಸರಾಗವಾಗಿದ್ದಷ್ಟೂ ‘ಎಲ್ಲ ಗೊತ್ತಾಯಿತು’ ಎಂಬ ಭ್ರಮೆ ಬೇರೆ.

ಮುಂದಿನ ಸಲ ಅನಿಮೇಷನ್, ಟ್ರಾನ್ಸಿಷನ್‌ಗಳ ಪಾಠ ಕಿತ್ತುಹಾಕಿ ಆ ಹೊತ್ತಿನಲ್ಲಿ ಇದನ್ನು ಮಾಡಿಸಿ. ಪ್ರತಿಯೊಬ್ಬರೂ ತಮ್ಮ ಪಾಠದ್ದೇ ಒಂದು ತುಣುಕು ತರಲಿ, ಆರು ನಿಮಿಷ ಮೀರಬಾರದು. ಎರಡು ಸಲ ನೋಡಲಿ, ಎರಡನೇ ಸಲ ಧ್ವನಿ ಬಂದ್ ಮಾಡಿ. ಚಿತ್ರ ಎಷ್ಟು ಹೇಳುತ್ತಿದೆ, ಎಷ್ಟು ಬರೀ ಅಲಂಕಾರ ಎಂಬುದು ಆಗಲೇ ತಿಳಿಯುವುದು. ಆಮೇಲೆ ನಿಲ್ಲಿಸುವ ಮೂರು ಜಾಗ ಗುರುತಿಸಿ, ನಿಮಿಷ ಸೆಕೆಂಡು ಸಮೇತ ಚೀಟಿಯಲ್ಲಿ ಬರೆದು, ಒಂದೊಂದರ ಎದುರು ಒಂದು ಪ್ರಶ್ನೆ ಹಾಕಲಿ.

ಎಲ್ಲರೂ ಎಡವುವುದು ಇಲ್ಲೇ. ವಿವರಣೆ ಪೂರ್ತಿ ಮುಗಿದ ಮೇಲೆ ನಿಲ್ಲಿಸಿ ‘ಅರ್ಥವಾಯಿತಾ?’ ಎನ್ನುತ್ತಾರೆ. ‘ಹೂಂ ಸಾರ್’ ಎಂದು ರಾಗ ಬರುತ್ತದೆ, ಮುಂದೆ ಹೋಗುತ್ತಾರೆ. ನಿಲ್ಲಿಸಬೇಕಾದ್ದು ಉತ್ತರ ಪರದೆಗೆ ಬರುವ ಮೊದಲು. ಚಂದ್ರನ ಕಲೆಗಳ, ಅಂದರೆ ದಿನದಿನಕ್ಕೆ ಬದಲಾಗುವ ಅವನ ಆಕಾರಗಳ ವಿಡಿಯೊ ತೆಗೆದುಕೊಳ್ಳಿ. ಸೂರ್ಯ ಎಡಕ್ಕಿದ್ದಾನೆ, ಚಂದ್ರ ಭೂಮಿಯನ್ನು ಸುತ್ತುತ್ತಿದ್ದಾನೆ. ಅವನು ಭೂಮಿಯ ನೇರ ಮೇಲ್ಗಡೆ, ಸೂರ್ಯನ ದಿಕ್ಕಿಗೆ ಲಂಬವಾಗಿ ಬಂದ ಕೂಡಲೇ ನಿಲ್ಲಿಸಿ. ‘ಭೂಮಿಯಲ್ಲಿ ನಿಂತವರಿಗೆ ಈಗ ಚಂದ್ರ ಹೇಗೆ ಕಾಣುತ್ತಾನೆ? ಚಿತ್ರ ಬರೆಯಿರಿ.’ ಒಂದು ನಿಮಿಷ ಕೊಡಿ, ನೀವು ತುಟಿ ಬಿಚ್ಚಬೇಡಿ. ಸಾಲುಗಳ ನಡುವೆ ಓಡಾಡಿದರೆ ಕೆಲವರದು ಪೂರ್ಣಚಂದ್ರ, ಕೆಲವರದು ಭೂಮಿಯ ನೆರಳು ಬಿದ್ದ ಚಂದ್ರ. ಬರಬೇಕಾದ್ದು ಅರ್ಧಚಂದ್ರ. ನೆರಳಿನ ಈ ತಪ್ಪು ಬಲು ಹಠಮಾರಿ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಗ್ರಹಣದಲ್ಲಿ, ಅಷ್ಟಮಿಯಲ್ಲಲ್ಲ. ಗ್ರಹಣ ಬಿಟ್ಟರೆ ಚಂದ್ರನ ಅರ್ಧ ಭಾಗಕ್ಕೆ ಸದಾ ಬಿಸಿಲಿರುತ್ತದೆ, ಅದರಲ್ಲಿ ನಮಗೆ ಕಾಣುವ ಪಾಲು ಬದಲಾಗುತ್ತದೆ, ಅಷ್ಟೆ. ಕಾಗದದ ಮೇಲೆ ಒಂದು ಊಹೆ ಬರೆದಿಟ್ಟ ಮಗು ಮುಂದಿನ 30 ಸೆಕೆಂಡು ಕಣ್ಣು ಮಿಟುಕಿಸುವುದಿಲ್ಲ.

ಚೀಟಿ ಸಿದ್ಧವಾದ ಮೇಲೆ ಐದಾರು ಸಹೋದ್ಯೋಗಿಗಳ ಎದುರು ಹತ್ತು ನಿಮಿಷ ಪಾಠ ಮಾಡಿಸಿ. ಒಬ್ಬರ ಕೈಗೆ ಗಡಿಯಾರ ಕೊಡಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಸೆಕೆಂಡು ಕಾದರು ಎಂಬುದೊಂದನ್ನೇ ಅವರು ಬರೆದುಕೊಳ್ಳಲಿ. ಒಂದೆರಡು ಸೆಕೆಂಡಿಗೇ ತಡೆಯಲಾರದೆ ತಾವೇ ಉತ್ತರ ಹೇಳಿಬಿಡುವವರು ಹೆಚ್ಚು. ಆ ಲೆಕ್ಕ ತೋರಿಸಿ, ಅದೇ ಪಾಠವನ್ನು ಅವರಿಂದಲೇ ಮತ್ತೊಮ್ಮೆ ಮಾಡಿಸಿ. ಈ ಎರಡನೇ ಸುತ್ತಿಗೆ ಸಮಯವಿಲ್ಲ ಎನ್ನುವುದಾದರೆ ತರಬೇತಿ ಬಿಟ್ಟು ಸರ್ಟಿಫಿಕೇಟ್ ಮಾತ್ರ ಹಂಚಿ.

ಬೆರಳಿಗೂ ಅಭ್ಯಾಸ ಬೇಕು. ಯೂಟ್ಯೂಬಿನಲ್ಲಿ ಕೆ ಒತ್ತಿದರೆ ನಿಲ್ಲುತ್ತದೆ, ಜೆ ಒತ್ತಿದರೆ 10 ಸೆಕೆಂಡು ಹಿಂದೆ. ನಿಂತಿರುವಾಗ ಕಾಮಾ ಮತ್ತು ಫುಲ್‌ಸ್ಟಾಪ್ ಕೀಲಿಗಳಿಂದ ಒಂದೊಂದೇ ಫ್ರೇಮ್ ಸರಿಸಬಹುದು. ಮೌಸ್ ಹುಡುಕುತ್ತ ಬಗ್ಗಿದಿರೋ, ಆ ಕ್ಷಣ ದಾಟಿಹೋಯಿತು.

ಸ್ಲೈಡಿನಲ್ಲಿರುವುದನ್ನೇ ಓದಿ ಹೇಳಿದರೆ ಎರಡು ಸಲ ಮನಸ್ಸಿಗೆ ಹೋಗುತ್ತದಲ್ಲವೇ?

ಇಲ್ಲ. ಮಕ್ಕಳ ಕಣ್ಣಿನ ವೇಗ ಬೇರೆ, ನಿಮ್ಮ ನಾಲಿಗೆಯ ವೇಗ ಬೇರೆ. ಎರಡನ್ನೂ ಹೊಂದಿಸುವುದರಲ್ಲೇ ಗಮನ ಖರ್ಚಾಗುತ್ತದೆ. ಅನಿಮೇಷನ್ ಜೊತೆ ಮಾತು ಮಾತ್ರ ಕೇಳಿದವರು, ಅದೇ ಮಾತನ್ನು ಪರದೆಯಲ್ಲೂ ಓದಿದವರಿಗಿಂತ ಚೆನ್ನಾಗಿ ಕಲಿತದ್ದನ್ನು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಪ್ರಯೋಗಗಳು ತೋರಿಸಿವೆ. ಹೊಸ ಪಾರಿಭಾಷಿಕ ಪದವಿದ್ದರೆ, ಪಾಠದ ಭಾಷೆ ಮಕ್ಕಳಿಗೆ ಹೊಸದಾಗಿದ್ದರೆ, ಕಿವಿ ಕೇಳದ ಮಕ್ಕಳಿದ್ದರೆ ಬರಹ ಇರಲೇಬೇಕು. ಪರದೆಯ ಕೆಲಸ ಮುಗಿದಾಗ ಪವರ್‌ಪಾಯಿಂಟಿನಲ್ಲಿ ಬಿ ಒತ್ತಿ, ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ವಾಪಸ್.

ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ನೋಡಿದ್ದರಲ್ಲಿ ಶೇ 30 ನೆನಪಿರುತ್ತದಂತೆ. ಹಾಗಾದರೆ ವಿಡಿಯೊ ಮೇಲಲ್ಲವೇ?

ಇನ್ನೂ ಸಾಯದ ಸುಳ್ಳು. ಈ ಅಂಕಿಗಳನ್ನು ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಹೆಸರಿಗೆ ಹಚ್ಚುತ್ತಾರೆ. ಕಲಿಕೆಯ ಬಗೆಗಳನ್ನು ನೇರ ಅನುಭವದಿಂದ ಬರೀ ಮಾತಿನವರೆಗೆ ಜೋಡಿಸಿ ಅವರು 1946ರಲ್ಲಿ ಕೊಟ್ಟ ‘ಅನುಭವದ ಶಂಕು’ ಎಂಬ ಚಿತ್ರದಲ್ಲಿ ಒಂದೇ ಒಂದು ಅಂಕಿ ಇಲ್ಲ, ಇವೆಲ್ಲ ಆಮೇಲೆ ಅಂಟಿಸಿದ್ದು. ಇದನ್ನು ತೋರಿಸಿ ಭಾಷಣ ಶುರುಮಾಡುವ ಸಂಪನ್ಮೂಲ ವ್ಯಕ್ತಿಗಳಿಗೆ ಚಹಾ ಕೊಟ್ಟು ಕಳಿಸಿ.

ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಬೇಕೇ?

ಬೇಡ. ಭೂಪಟವನ್ನು ಎಲ್ಲರಿಗೂ ತೋರಿಸಬೇಕು, ರಾಗವನ್ನು ಎಲ್ಲರಿಗೂ ಕೇಳಿಸಬೇಕು.

ಒಂದು ಪೀರಿಯಡ್‌ಗೆ ಎಷ್ಟು ಸ್ಲೈಡ್ ಸರಿ?

ಲೆಕ್ಕ ಬಿಡಿ. ಕೊನೆಯ ಸಾಲಿನಲ್ಲಿ ಕೂತು ನೋಡಿ, ಓದಲಾಗದ್ದನ್ನು ಅಳಿಸಿ.

ಮನೆಯಲ್ಲಿ ಓಡಿದ ವಿಡಿಯೊ ತರಗತಿಯ ಕಂಪ್ಯೂಟರಿನಲ್ಲಿ ಓಡುವುದಿಲ್ಲ, ಕೆಲವೊಮ್ಮೆ ಧ್ವನಿ ಬರುವುದಿಲ್ಲ.

ಸ್ಲೈಡಿಗೆ ಲಿಂಕ್ ಮಾತ್ರ ಕೊಟ್ಟು, ವಿಡಿಯೊ ಫೈಲನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತೀರಿ. ವಿಡಿಯೊವನ್ನು ಎಂಪಿ4 ರೂಪದಲ್ಲಿ ಸ್ಲೈಡಿನೊಳಗೇ ಸೇರಿಸಿ, ಪ್ರತ್ಯೇಕ ಪ್ರತಿಯನ್ನೂ ಅದೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಧ್ವನಿ ಕಾಣೆಯಾದರೆ ಮೊದಲು ಅನುಮಾನಿಸಬೇಕಾದ್ದು ಕಂಪ್ಯೂಟರನ್ನು ಪ್ರೊಜೆಕ್ಟರಿಗೆ ಜೋಡಿಸುವ ಎಚ್‌ಡಿಎಂಐ ಕೇಬಲನ್ನು. ಅದನ್ನು ಸಿಕ್ಕಿಸಿದಾಗ ಧ್ವನಿ ಸ್ಪೀಕರ್ ಬಿಟ್ಟು ಪ್ರೊಜೆಕ್ಟರಿಗೆ ಹೋಗಿರುತ್ತದೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಬದಲಿಸಿ, ಅದೂ ಮಕ್ಕಳು ಒಳಗೆ ಬರುವ ಮೊದಲು.